ಮಾರ್ಸ್ ಬಗ್ಗೆ, ಗುಂಪಿನ ಹ್ಯಾಮ್ ಗೆಳೆಯರಿಗೆ

ಎಲ್ಲರಿಗೂ ನಮಸ್ಕಾರ. ಅಮೆರಿಕದ ಸೇನೆಗೆ ಹವ್ಯಾಸಿ ರೇಡಿಯೋದವರು, ಅಂದರೆ ಹ್ಯಾಮ್‌ಗಳು, ಯಾಕೆ ಬೇಕು ಅಂತ ಗುಂಪಿನಲ್ಲಿ ಪ್ರಶ್ನೆ ಬಂದಿತ್ತು. ಚರ್ಚೆ ಎಲ್ಲೆಲ್ಲಿಗೋ ಹೋಗುವ ಮುಂಚೆ ಇಷ್ಟು ತಿಳಿದಿರಲಿ.

ಮಾರ್ಸ್ (MARS, ಮಿಲಿಟರಿ ಆಕ್ಸಿಲರಿ ರೇಡಿಯೋ ಸಿಸ್ಟಮ್) ಅಂದರೆ ಅಮೆರಿಕದ ಸೇನೆಯ ಪೂರಕ ರೇಡಿಯೋ ವ್ಯವಸ್ಥೆ. ಬೇರು 1925ರದ್ದು. ಇದರ ಸದಸ್ಯರು ಸೈನಿಕರಲ್ಲ. ಲೈಸೆನ್ಸ್ ಇರುವ ನಾಗರಿಕ ಹ್ಯಾಮ್‌ಗಳು, ಸ್ವಂತ ಸೆಟ್ಟು, ಸ್ವಂತ ಆಂಟೆನಾ.

ವಿಯೆಟ್ನಾಂ ಯುದ್ಧದ ಕಾಲದಲ್ಲಿ ಇವರು ಮಾಡಿದ ಕೆಲಸ ನನಗೆ ಎಲ್ಲಕ್ಕಿಂತ ದೊಡ್ಡದು. ಅಲ್ಲಿನ ಸೈನಿಕನ ದನಿ ಎಚ್‌ಎಫ್‌ನಲ್ಲಿ (ಬಹುದೂರ ಹೋಗುವ ಶಾರ್ಟ್‌ವೇವ್ ರೇಡಿಯೋ ಅಲೆಗಳಲ್ಲಿ) ಸಾಗರ ದಾಟಿ ಅಮೆರಿಕದ ಯಾವುದೋ ಹ್ಯಾಮ್ ಮನೆಗೆ ಬರುತ್ತಿತ್ತು. ಆ ಹ್ಯಾಮ್ ಅದನ್ನು ಫೋನ್ ಪ್ಯಾಚ್ (ರೇಡಿಯೋವನ್ನು ಫೋನ್ ಲೈನಿಗೆ ಜೋಡಿಸುವ ಸಾಧನ) ಮೂಲಕ ಸೈನಿಕನ ಮನೆಯ ಫೋನಿಗೆ ಜೋಡಿಸುತ್ತಿದ್ದರು. ಒಮ್ಮೆಗೆ ಒಬ್ಬರೇ ಮಾತಾಡಬೇಕು, ಹಾಗಾಗಿ ತಾಯಿ, ಹೆಂಡತಿ ಎಲ್ಲರೂ ಮಾತು ಮುಗಿದ ಕೂಡಲೇ 'ಓವರ್' ಅನ್ನಲೇಬೇಕಿತ್ತು. ಸೆನೆಟರ್ ಬ್ಯಾರಿ ಗೋಲ್ಡ್‌ವಾಟರ್ ಅವರ ಅರಿಜೋನಾ ಮನೆಯ ಸ್ಟೇಷನ್ನೂ ಈ ಸೇವೆ ಮಾಡಿತ್ತು.

ಈಗ ಸೈನಿಕರ ಕೈಯಲ್ಲೇ ಮೊಬೈಲ್ ಇದೆ. ನೌಕಾಪಡೆಯ ಮಾರ್ಸ್ 2015ರಲ್ಲಿ ನಿಂತಿತು. ಭೂಸೇನೆ, ವಾಯುಪಡೆಯವು ಉಳಿದಿವೆ, ಉಳಿಯಬೇಕಾದದ್ದೂ ಹೌದು. ಕರೆಂಟು, ಇಂಟರ್ನೆಟ್, ಉಪಗ್ರಹ ಎಲ್ಲ ಕೈಕೊಟ್ಟರೆ ಆಯಾ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಸ್ಥಿತಿಯನ್ನು ಸ್ಥಳೀಯ ಹ್ಯಾಮ್‌ಗಳಿಂದ ಕೇಳಿ ಸೇನೆಗೆ ಮುಟ್ಟಿಸುವುದು ಇವರ ಪಾಲಿನ ಕೆಲಸ. ಅದಕ್ಕೆ ಆಗಾಗ ಅಭ್ಯಾಸವೂ ನಡೆಯುತ್ತದೆ, 60 ಮೀಟರ್ ಬ್ಯಾಂಡ್ (ಹ್ಯಾಮ್‌ಗಳು ಬಳಸುವ ಒಂದು ಫ್ರೀಕ್ವೆನ್ಸಿ ಪಟ್ಟಿ) ಸೇರಿದಂತೆ.

ಮೇ ತಿಂಗಳಲ್ಲಿ ಸಶಸ್ತ್ರ ಪಡೆಗಳ ದಿನದ ಕ್ರಾಸ್‌ಬ್ಯಾಂಡ್ ಪರೀಕ್ಷೆ ಇರುತ್ತದೆ: ಸೇನಾ ಸ್ಟೇಷನ್ ತನ್ನ ಫ್ರೀಕ್ವೆನ್ಸಿಯಲ್ಲಿ ಕರೆಯುತ್ತದೆ, ಹ್ಯಾಮ್‌ಗಳು ತಮ್ಮ ಬ್ಯಾಂಡಿನಲ್ಲೇ ಉತ್ತರಿಸುತ್ತಾರೆ. ಅಮೆರಿಕದಲ್ಲಿರುವ ನಮ್ಮ ಸದಸ್ಯರು ದಯವಿಟ್ಟು ಭಾಗವಹಿಸಿ. ಇಲ್ಲಿ ನಮ್ಮ ದೇಶದಲ್ಲಿರುವವರು ಕೇಳಿಸಿಕೊಳ್ಳಿ ಸಾಕು, ಪ್ರಸಾರ ಬೇಡ. ಸಿಗ್ನಲ್ ಸಿಕ್ಕರೆ ಸಮಯ, ಫ್ರೀಕ್ವೆನ್ಸಿ ಬರೆದು ಇಲ್ಲಿ ಹಾಕಿ.