ಮೂರನೇ ಗಾಲಿ ಗೆರೆ ದಾಟಿತು, ನಿಮ್ಮಿಂದ

ಎಲ್ಲರಿಗೂ ನಮಸ್ಕಾರ.

ಹೋದ ಭಾನುವಾರ ಟೀಮ್ ಟೈಮ್ ಟ್ರಯಲ್ ಚಾಂಪಿಯನ್‌ಶಿಪ್‌ನಲ್ಲಿ ನಮ್ಮ ಸೈಕ್ಲಿಂಗ್ ಕ್ಲಬ್ಬಿನ ಹೆಣ್ಣುಮಕ್ಕಳ ತಂಡಕ್ಕೆ ಮೂರನೇ ಸ್ಥಾನ ಬಂತು. 30 ಕಿಲೋಮೀಟರ್, 49 ನಿಮಿಷ 38 ಸೆಕೆಂಡ್. ಆವತ್ತಿನಿಂದ ಫೋನು ಸುಮ್ಮನಾಗಿಲ್ಲ. ವಿಜಯಪುರದಿಂದ, ಬಾಗಲಕೋಟೆಯಿಂದ, ಪುಣೆಗೆ ಕೆಲಸಕ್ಕೆ ಹೋದ ನಮ್ಮ ಓಣಿಯ ಹುಡುಗರಿಂದ ಮೆಸೇಜು ಬರ್ತಾನೇ ಇವೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯಬೇಕು ಅಂದುಕೊಂಡೆ, ಆಗಲಿಲ್ಲ. ಅದಕ್ಕೇ ಇವತ್ತು ರಾತ್ರಿ ಊಟ ಮುಗಿಸಿ ಕೂತಿದ್ದೇನೆ. ಪದಕ ಹಾಕಿಕೊಂಡ ಫೋಟೋದಲ್ಲಿ ನಾವು ನಾಲ್ಕೇ ಜನ ಇದ್ದೇವೆ. ಉಳಿದವರ ಬಗ್ಗೆ ನಾನು ಹೇಳಲೇಬೇಕು. ಹೆಸರು ಹಾಕಬೇಡ ಅಂತ ಸುಮಾರು ಜನ ಹೇಳಿದ್ದಾರೆ. ಹಾಗಾಗಿ ನಾವು ದಿನಾ ಹೇಗೆ ಕರೆಯುತ್ತೇವೋ ಹಾಗೇ ಕರೆಯುತ್ತೇನೆ.

ಈ ಆಟ ನೋಡದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಎಲ್ಲರನ್ನೂ ಒಟ್ಟಿಗೆ ಬಿಡುವ ರೇಸ್ ಇದಲ್ಲ. ಎರಡೆರಡು ನಿಮಿಷಕ್ಕೆ ಒಂದೊಂದು ತಂಡವನ್ನು ಬಿಡುತ್ತಾರೆ. ನಾಲ್ಕು ಜನ ಒಬ್ಬರ ಹಿಂದೆ ಒಬ್ಬರು ಸಾಲು ಹಿಡಿದು ಹೋಗಬೇಕು. ಮುಂದಿದ್ದವರು ಗಾಳಿ ತಡೆಯುತ್ತಾರೆ. ಹಿಂದಿದ್ದವರಿಗೆ ಅದೇ ಸ್ಪೀಡಿಗೆ ತುಂಬಾ ಕಡಿಮೆ ಶಕ್ತಿ ಸಾಕು, ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲು ಉಳಿಯುತ್ತದೆ. ಅರ್ಧ ನಿಮಿಷಕ್ಕೊಮ್ಮೆ ಮುಂದಿದ್ದವರು ಪಕ್ಕಕ್ಕೆ ಸರಿದು ಕೊನೆಗೆ ಬರುತ್ತಾರೆ, ಎರಡನೆಯವರು ಮುಂದಾಗುತ್ತಾರೆ. ಮುಂದಿನವರ ಗಾಲಿಗೂ ನಮ್ಮ ಗಾಲಿಗೂ ನಡುವೆ ಒಂದೆರಡು ಗೇಣು ಅಷ್ಟೇ. ಅದಕ್ಕಿಂತ ಹಿಂದೆ ಬಿದ್ದರೆ ಗಾಳಿ ಒಳಗೆ ನುಗ್ಗುತ್ತದೆ. ಇನ್ನೂ ಹತ್ತಿರ ಹೋದರೆ ಗಾಲಿಗೆ ಗಾಲಿ ತಾಗುತ್ತದೆ. ಇನ್ನು ಟೈಮ್. ಅದನ್ನು ಬರೆದುಕೊಳ್ಳುವುದು ಮೂರನೆಯವರ ಗಾಲಿ ಗೆರೆ ದಾಟಿದಾಗ. ಮೊದಲಿನ ಇಬ್ಬರು ಎಷ್ಟೇ ಜೋರಾಗಿ ಬಂದರೂ ಮೂರನೆಯವರು ಬರುವ ತನಕ ಗಡಿಯಾರ ನಿಲ್ಲುವುದಿಲ್ಲ.

ಹೋದ ವರ್ಷ ನಮ್ಮ ಮೂರನೇ ಗಾಲಿ ಬರಲೇ ಇಲ್ಲ. 21ನೇ ಕಿಲೋಮೀಟರಿನಲ್ಲಿ ಒಬ್ಬರು ಸುಸ್ತಾಗಿ ಬಿಟ್ಟರು. ಇನ್ನು ನಾಲ್ಕು ಕಿಲೋಮೀಟರ್ ಇರುವಾಗ ನಮ್ಮ ಸಣ್ಣಾಕಿಯ ಮುಂದಿನ ಗಾಲಿ ನನ್ನ ಹಿಂದಿನ ಗಾಲಿಗೆ ತಾಗಿತು. ಸರ್ ಅಂತ ಒಂದು ಸದ್ದು. ತಿರುಗಿ ನೋಡಿದಾಗ ಅವಳು ರಸ್ತೆಯ ಮೇಲಿದ್ದಳು. ಕಾಲರ್ ಬೋನ್ ಮುರಿದಿತ್ತು. ಅವಳಿಗೆ ಆಗ 18 ವರ್ಷ. ನಾನು ಸ್ಪೀಡ್ ಹೆಚ್ಚುಕಡಿಮೆ ಮಾಡಿದ್ದೇ ಕಾರಣ ಅಂತ ನನಗೆ ಇವತ್ತಿಗೂ ಅನಿಸುತ್ತದೆ. ಅವಳು ಒಂದು ಸಲವೂ ಹಾಗೆ ಅಂದಿಲ್ಲ. ಆಸ್ಪತ್ರೆಯಲ್ಲಿ ಕೈ ಕಟ್ಟಿಸಿಕೊಂಡು ಕೂತವಳು ನನ್ನನ್ನು ಕೇಳಿದ್ದು, "ಅಕ್ಕಾ, ನನ್ ಸೈಕಲ್ ಎಲ್ಲೈತಿ?"

ಮೊದಲ ಥ್ಯಾಂಕ್ಸ್ ಅವರಪ್ಪನಿಗೆ. ಮಗಳು ಬಿದ್ದ ಮೇಲೆ ಅವರ ಮನೆಗೆ ಬಂದವರೆಲ್ಲ ಒಂದೇ ಮಾತು ಆಡಿದರು, ಹೆಣ್ಣುಹುಡುಗಿಗೆ ಇದೆಲ್ಲ ಯಾಕೆ ಬೇಕಿತ್ತು ಅಂತ. ಕಾಕಾ ಆಟೋ ಓಡಿಸುತ್ತಾರೆ, ಜಾಸ್ತಿ ಮಾತಿನವರಲ್ಲ. ಮೂರು ತಿಂಗಳಾದ ಮೇಲೆ ಒಂದು ದಿನ ಬೆಳಗಿನ ಐದೂವರೆಗೆ ಆಟೋದ ಹಿಂದೆ ಸೈಕಲ್ ಕಟ್ಟಿಕೊಂಡು, ಮಗಳನ್ನು ಕೂರಿಸಿಕೊಂಡು ಗೋಳಗುಮ್ಮಟದ ಮುಂದೆ ಬಂದು ನಿಂತರು. ಅಷ್ಟಕ್ಕೇ ಮನೆಗೆ ಹೋಗಲಿಲ್ಲ. ಕತ್ತಲಲ್ಲಿ ನಮ್ಮ ಹಿಂದೆ ನಿಧಾನಕ್ಕೆ ಆಟೋ ಓಡಿಸುತ್ತಾ ಬಂದರು. ಅವರ ಹೆಡ್‌ಲೈಟ್ ಬೆಳಕಿನಲ್ಲಿ ರಸ್ತೆಯ ತಗ್ಗುಗಳು ಕಂಡವು. ಆವತ್ತಿನಿಂದ ವಾರಕ್ಕೆ ಎರಡು ದಿನ, ಚಾಂಪಿಯನ್‌ಶಿಪ್ ತನಕ, ಅದೇ ಬೆಳಕು ನಮ್ಮ ಬೆನ್ನಿಗಿತ್ತು. ಬೆಳಗಿನ ಬಾಡಿಗೆ ಬಿಟ್ಟು ಬರುತ್ತಿದ್ದರು ಅಂತ ನಮಗೆ ಗೊತ್ತು. ಪೆಟ್ರೋಲಿನ ದುಡ್ಡು ಕೊಡಲು ಹೋದರೆ ಸಿಟ್ಟು ಮಾಡುತ್ತಿದ್ದರು. ಕಾಕಾ, ನಿಮ್ಮ ಋಣ ದೊಡ್ಡದು.

ನಮ್ಮ ಕೋಚ್ ಸರ್ ಬಗ್ಗೆ ಎಷ್ಟು ಬರೆದರೂ ಸಾಲದು. ರೈಲ್ವೆಯಿಂದ ರಿಟೈರ್ ಆದವರು. ವಯಸ್ಸಿನಲ್ಲಿ ತಾವೂ ನಾಲ್ವರ ತಂಡದಲ್ಲಿ ಸೈಕಲ್ ಹೊಡೆದವರು. ಸಣ್ಣಾಕಿ ಬಿದ್ದ ಮೇಲೆ ನಮ್ಮ ನಾಲ್ವರಿಗೂ ಒಬ್ಬರ ಗಾಲಿ ಒಬ್ಬರು ಹಿಡಿಯಲು ಅಂಜಿಕೆ ಹತ್ತಿತ್ತು. ಸರ್ ಎರಡು ತಿಂಗಳು ಸ್ಪೀಡಿನ ಮಾತೇ ಎತ್ತಲಿಲ್ಲ. ಖಾಲಿ ಮೈದಾನದ ಹುಲ್ಲಿನ ಮೇಲೆ ನಡೆಯುವಷ್ಟು ನಿಧಾನವಾಗಿ ಓಡಿಸಿ, ಬೇಕಂತಲೇ ಗಾಲಿಗೆ ಗಾಲಿ ತಾಗಿಸುವುದನ್ನು ಕಲಿಸಿದರು. ತಾಗಿದಾಗ ದೂರಕ್ಕೆ ಎಳೆದುಕೊಂಡರೆ ಬೀಳುತ್ತೀವಿ, ತಾಗಿದ ಕಡೆಗೇ ಸ್ವಲ್ಪ ಒರಗಿದರೆ ಬಚಾವ್. ಹುಲ್ಲಲ್ಲಿ ಇಪ್ಪತ್ತು ಸಲ ಬಿದ್ದು ಎದ್ದ ಮೇಲೆ ಅಂಜಿಕೆ ಹೋಯಿತು. ಆಮೇಲೆ ರಸ್ತೆಗೆ ತಂದರು. ಅಲ್ಲಿ ದಿನಾ ಒಂದೇ ಪಾಠ. "ಮುಂದ ಬಂದ್ ಕೂಡ್ಲೇ ಜೋರ್ ಹೊಡೀಬ್ಯಾಡ್ರಿ. ಎಷ್ಟಿತ್ತೋ ಅಷ್ಟ ಇರ್ಲಿ. ಗಟ್ಟಿ ಇದ್ದಾಕಿ ಜಾಸ್ತಿ ಹೊತ್ತು ಎಳೀರಿ, ಜೋರ್ ಎಳೀಬ್ಯಾಡ್ರಿ." ಹೋದ ವರ್ಷ ನಾನು ಮಾಡಿದ ತಪ್ಪು ಇದೇ. ನನ್ನ ಸರದಿ ಬಂದಾಗೆಲ್ಲ ಸ್ಪೀಡ್ ಏರಿಸುತ್ತಿದ್ದೆ. ಹಿಂದಿನವರು ನಡುವೆ ಬಿದ್ದ ಅಂತರ ಮುಚ್ಚಲು ಹೋಗಿ ಸುಸ್ತಾಗುತ್ತಿದ್ದರು.

ಒಂದು ದಿನ ಪ್ರಾಕ್ಟೀಸ್ ಮುಗಿಸಿ ಬೇವಿನ ಗಿಡದ ಕೆಳಗೆ ಕೂತಾಗ ಸರ್ ಹಳೆಯ ಕಥೆ ಹೇಳಿದರು. ಒಲಿಂಪಿಕ್ಸ್‌ನಲ್ಲಿ 1960ರಿಂದ 1992ರ ತನಕ ಈ ನಾಲ್ವರ ರೇಸ್ ಇತ್ತು, 100 ಕಿಲೋಮೀಟರ್ ದೂರದ್ದು. ಗಂಡಸರಿಗೆ ಮಾತ್ರ. ಹೆಂಗಸರಿಗೆ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಇದು ಶುರುವಾದದ್ದು 1987ರಲ್ಲಿ. ಸಣ್ಣಾಕಿ ತಕ್ಷಣ ಕೇಳಿದಳು, "ಒಲಿಂಪಿಕ್ಸ್‌ದಾಗ ನಮಗ ಯಾವಾಗ ಇಟ್ಟಿದ್ರು ಸರ್?" ಇಡಲೇ ಇಲ್ಲ ಅಂದರು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಎದ್ದು ಹೆಲ್ಮೆಟ್ ಹಾಕಿಕೊಂಡು, ಇನ್ನೊಂದು ರೌಂಡ್ ಹೋಗೋಣ ಅಂದಳು. ಹೋದೆವು.

ಈ ಸಲದ ರೇಸ್ ಪೂರ್ವಕ್ಕೆ, ಸಿಂದಗಿ ಕಡೆಯ ರಸ್ತೆಯಲ್ಲಿ. 15 ಕಿಲೋಮೀಟರ್ ಹೋಗಿ ಅಲ್ಲಿ ತಿರುಗಿ 15 ವಾಪಸ್ ಬರಬೇಕು. ನಮ್ಮ ಕಡೆ ಚಳಿಗಾಲದ ಗಾಳಿ ಹೇಗೆ ಅಂತ ಹೊಲದಲ್ಲಿ ದುಡಿದವರಿಗೆ ಗೊತ್ತು. ಎರಡೂ ಕಡೆ ಎರೆಹೊಲ, ಬಿಳಿಜೋಳ, ತೊಗರಿ, ತಡೆಯಲು ಒಂದು ಗಿಡ ಇಲ್ಲ. ಮೂಡಣ ಗಾಳಿ ನೇರ ಎದೆಗೆ. ಬಿಸಿಲು ನೇರ ಕಣ್ಣಿಗೆ. ಮೊದಲೇ ಲೆಕ್ಕ ಹಾಕಿಕೊಂಡಿದ್ದೆವು, ಹೋಗುವಾಗ ಗಾಳಿ ತಿನ್ನುವವರು ಬೇಕು, ಬರುವಾಗ ಕಾಲು ಉಳಿದಿರುವ ಮೂರು ಜನ ಬೇಕು.

ಈಗ ನಮ್ಮ ನರ್ಸಕ್ಕನ ಮಾತಿಗೆ ಬರುತ್ತೇನೆ. ಇಷ್ಟುದ್ದ ಬರೆಯಲು ಕೂತದ್ದೇ ಅವರ ಬಗ್ಗೆ ಹೇಳಲು. ಹೋದ ವರ್ಷ 21ನೇ ಕಿಲೋಮೀಟರಿನಲ್ಲಿ ಬಿಟ್ಟವರು ಅವರೇ. ಅದರ ಹಿಂದಿನ ರಾತ್ರಿ ಡ್ಯೂಟಿ ಮುಗಿಸಿ ನೇರ ಬಂದಿದ್ದರು. ಈ ಸಲ ಅವರ ಜೊತೆ ಕೆಲಸ ಮಾಡುವ ಇಬ್ಬರು ಸಿಸ್ಟರ್‌ಗಳು ತಾವೇ ಮುಂದೆ ಬಂದು ಎರಡು ನೈಟ್ ಡ್ಯೂಟಿ ಬದಲಾಯಿಸಿಕೊಂಡರು. ಅವರಿಗೆ ನಮ್ಮ ನಾಲ್ವರ ನಮಸ್ಕಾರ. ರೇಸಿನ ಹಿಂದಿನ ಸಂಜೆ ನರ್ಸಕ್ಕ ತಾವೇ ಹೇಳಿದರು, "ಹೋಗೂದರಾಗ ಜಾಸ್ತಿ ನಾ ಎಳೀತೀನಿ. ತಿರುಗಿದ ಮ್ಯಾಲೆ ನನ್ ಹಾದಿ ನೋಡಬ್ಯಾಡ್ರಿ." ನಮ್ಮ ತಂಡದ ನಾಲ್ಕನೆಯವರು, ಟೀಚರಕ್ಕ, ಬೇಡ ಅಂದರು. ನಾನೂ ಬೇಡ ಅಂದೆ. ಕೇಳಲಿಲ್ಲ.

ಆವತ್ತು ಅವರ ಹಿಂದೆ ಕೂತು ನಾನು ನೋಡಿದ್ದನ್ನು ಮರೆಯುವುದು ಸಾಧ್ಯವಿಲ್ಲ. ಪ್ರತಿ ಸಲ ನಮಗೆ ಮೂವತ್ತು ಸೆಕೆಂಡ್, ಅವರಿಗೆ ಒಂದು ನಿಮಿಷ. ತಲೆ ತಗ್ಗಿಸಿ, ಮೊಣಕೈ ಒಳಗೆ ಎಳೆದುಕೊಂಡು, ಬೆನ್ನು ಅಲುಗಿಸದೆ ಎಳೆದರು. ಕುತ್ತಿಗೆಯ ಹಿಂದೆ ಬೆವರು ಒಣಗಿ ಬಿಳಿ ಉಪ್ಪಿನ ಗೆರೆ ಆಗಿತ್ತು. ಸ್ಪೀಡ್ 33 ಇದ್ದದ್ದು 33ರಲ್ಲೇ ನಿಂತಿತ್ತು, ಒಂದು ಮೇಲಿಲ್ಲ, ಒಂದು ಕೆಳಗಿಲ್ಲ. ಪಕ್ಕಕ್ಕೆ ಸರಿದು ಹಿಂದೆ ಹೋಗುವಾಗ ಸಾಲಿನ ಕೊನೆಯಲ್ಲಿದ್ದ ಸಣ್ಣಾಕಿ "ಲಾಸ್ಟ್!" ಅಂತ ಕೂಗುವಳು. ಆ ಕೂಗು ಕೇಳಿದ ಕೂಡಲೇ ಎರಡು ಪೆಡಲ್ ಗಟ್ಟಿ ತುಳಿದು ಗಾಲಿ ಹಿಡಿಯಬೇಕು. ಅಲ್ಲಿ ಒಂದು ಕ್ಷಣ ತಪ್ಪಿದರೂ ಸಾಲು ಕಳಚಿಹೋಗುತ್ತದೆ. ನರ್ಸಕ್ಕ ಒಂದು ಸಲವೂ ತಪ್ಪಲಿಲ್ಲ.

ತಿರುವಿನಲ್ಲಿ ಗಡಿಯಾರ 27 ನಿಮಿಷ ತೋರಿಸುತ್ತಿತ್ತು. ಗಾಳಿ ಬೆನ್ನಿಗೆ ಬಂತು, ಸ್ಪೀಡ್ ನಲವತ್ತಕ್ಕೆ ಏರಿತು. 22ನೇ ಕಿಲೋಮೀಟರಿನಲ್ಲಿ ಅವರು ತಮ್ಮ ಕೊನೆಯ ಸರದಿ ಮುಗಿಸಿ ಪಕ್ಕಕ್ಕೆ ಸರಿದರು. ನನ್ನ ಪಕ್ಕಕ್ಕೆ ಬಂದಾಗ "ಹೋಗ್ರಿ" ಅಂದರು. ಅಷ್ಟೇ. ಸಣ್ಣಾಕಿ "ಲಾಸ್ಟ್!" ಅಂತ ಕೂಗಿದಳು. ಹಿಂದೆ ಗಾಲಿಯ ಸದ್ದು ಬರಲಿಲ್ಲ.

ಆಮೇಲಿನ ಎಂಟು ಕಿಲೋಮೀಟರ್ ನನಗೆ ಅಷ್ಟಾಗಿ ನೆನಪಿಲ್ಲ. ಒಂದು ಕಡೆ ಕಬ್ಬಿನ ಟ್ರ್ಯಾಕ್ಟರುಗಳು ಸಾಲಾಗಿ ರಸ್ತೆ ಬಿಟ್ಟು ಕೆಳಗೆ ನಿಂತಿದ್ದವು. ಎರಡೆರಡು ಟ್ರೇಲರ್ ತುಂಬಾ ಕಬ್ಬು. ಫ್ಯಾಕ್ಟರಿಯಲ್ಲಿ ಪಾಳಿ ತಪ್ಪಿದರೆ ಎಷ್ಟು ಹೊತ್ತು ಕಾಯಬೇಕಾಗುತ್ತದೆ ಅಂತ ನಮಗೆ ಗೊತ್ತಿದೆ. ಆದರೂ ಆ ಡ್ರೈವರ್ ಅಣ್ಣಂದಿರು ಹಾಡು ಬಂದ್ ಮಾಡಿ, ಇಳಿದು ನಿಂತು ಚಪ್ಪಾಳೆ ತಟ್ಟಿದರು. ಅವರು ಯಾರು, ಯಾವ ಊರಿನವರು, ಗೊತ್ತಿಲ್ಲ. ಇದು ಅವರಿಗೆ ಹೇಗಾದರೂ ಮುಟ್ಟಲಿ. ಕ್ರಾಸುಗಳಲ್ಲಿ ಚಳಿಯಲ್ಲಿ ನಿಂತು ದನ, ಬೈಕು, ಬಸ್ಸು ತಡೆದ ಪೊಲೀಸರಿಗೂ, ಸೀಟಿ ಹಿಡಿದು ನಿಂತ ಕಾಲೇಜು ಹುಡುಗರಿಗೂ ಥ್ಯಾಂಕ್ಸ್.

ಕೊನೆಯ ಒಂದು ಕಿಲೋಮೀಟರ್ ಸಣ್ಣಾಕಿ ನನ್ನ ಹಿಂದಿದ್ದಳು. ಹೋದ ವರ್ಷದ ಹಾಗೇ, ಅದೇ ಜಾಗ, ನನ್ನ ಗಾಲಿಯ ಹಿಂದೆ. ನಾನು ಸ್ಪೀಡ್ ಏರಿಸಲಿಲ್ಲ. ಸರ್ ಹೇಳಿದ ಹಾಗೆ, ಎಷ್ಟಿತ್ತೋ ಅಷ್ಟೇ ಇಟ್ಟೆ. ಗೆರೆ ಕಂಡ ಮೇಲೆ ಮೂವರೂ ಅಗಲಕ್ಕೆ ಹರಡಿ ಒಟ್ಟಿಗೆ ದಾಟಿದೆವು. ಮೂರನೇ ಗಾಲಿ ಅವಳದು. ನಾಲ್ಕನೇ ಸ್ಥಾನದ ತಂಡಕ್ಕೂ ನಮಗೂ ಐದು ಸೆಕೆಂಡ್ ವ್ಯತ್ಯಾಸ ಅಂತ ಆಮೇಲೆ ಗೊತ್ತಾಯಿತು. ನರ್ಸಕ್ಕನ ಒಂದು ಸರದಿಯೇ ಐದು ಸೆಕೆಂಡಿಗಿಂತ ಎಷ್ಟು ದೊಡ್ಡದು, ಅಲ್ವಾ? ಅವರು ಎರಡು ನಿಮಿಷ ಬಿಟ್ಟು ಒಬ್ಬರೇ ಬಂದರು. ಅವರ ಟೈಮ್ ಯಾವ ಲೆಕ್ಕಕ್ಕೂ ಹೋಗಲಿಲ್ಲ. ಕೋಚ್ ಸರ್ ಗೆರೆಯ ಹತ್ತಿರ ಟವೆಲ್ ಹಿಡಿದು ನಿಂತಿದ್ದವರು ಅವರ ತಲೆ ಒರೆಸಿದರು. ಏನೂ ಮಾತಾಡಲಿಲ್ಲ. ಸರ್ ಕಣ್ಣಲ್ಲಿ ನೀರು ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಇನ್ನೂ ಇದ್ದಾರೆ. ಟೀಚರಕ್ಕನ ಅತ್ತೆ ಹಿಂದಿನ ದಿನ ಕೂತು ಶೇಂಗಾ ಹೋಳಿಗೆ ಮಾಡಿ ಕಳಿಸಿದ್ದರು, ಸ್ಟಾರ್ಟಿಗೆ ಎರಡು ತಾಸು ಮೊದಲು ನಾವು ತಿಂದದ್ದು ಅದನ್ನೇ. ಅಮೀನಗಡದ ಕರದಂಟು ತಂದುಕೊಟ್ಟವರೂ ಇದ್ದಾರೆ. ವರ್ಷವಿಡೀ ಪ್ರಾಕ್ಟೀಸಿನ ಜೇಬಿನಲ್ಲಿ ನಮಗೆ ಅದೇ ಗತಿ, ಅಂಟು, ಬೆಲ್ಲ, ಒಣಹಣ್ಣು, ಇನ್ನೇನು ಬೇಕು. ನಮ್ಮ ಸೈಕಲ್ ಅಂಗಡಿ ಮಾಮಾ ಶನಿವಾರ ರಾತ್ರಿ ಹನ್ನೊಂದರ ತನಕ ಕೂತು ನಾಲ್ಕೂ ಸೈಕಲ್‌ಗಳ ಚೈನು ತೊಳೆದು, ಬ್ರೇಕು ಸರಿ ಮಾಡಿ, ಸ್ಪೋಕು ಒಂದೊಂದನ್ನೂ ಬೆರಳಲ್ಲಿ ಮೀಟಿ ಸದ್ದು ಕೇಳಿ ನೋಡಿದರು.

ಬಾಗಲಕೋಟೆಯ ತಮ್ಮ ಒಬ್ಬ ತನ್ನ ಕಾರ್ಬನ್ ಗಾಲಿಗಳನ್ನು ನನಗೆ ಕೊಟ್ಟಿದ್ದ. ವರ್ಷಗಟ್ಟಲೆ ದುಡ್ಡು ಕೂಡಿಟ್ಟು ತಗೊಂಡ ಗಾಲಿ ಅವು. ತಾನೇ ಇನ್ನೂ ರೇಸಿಗೆ ಹಾಕಿರಲಿಲ್ಲ. ವಾಪಸ್ ಕಳಿಸಬೇಕಲ್ಲ ಅಂತ ನಿನ್ನೆ ಒದ್ದೆ ಬಟ್ಟೆಯಲ್ಲಿ ಒರೆಸುತ್ತಾ ಕೂತಿದ್ದೆ. ಹಿಂದಿನ ಟೈರಿನಲ್ಲಿ ಬೆರಳಿಗೆ ಏನೋ ಚುಚ್ಚಿತು. ಬಳ್ಳಾರಿ ಜಾಲಿಯ ಮುಳ್ಳು, ಅರ್ಧ ಮುರಿದದ್ದು, ರಬ್ಬರಿನಲ್ಲಿ ಓರೆಯಾಗಿ ಕೂತಿತ್ತು. ಎಲ್ಲಿ ಹೊಕ್ಕಿತ್ತೋ ಏನೋ, ಟ್ಯೂಬಿನ ತನಕ ಹೋಗಿರಲಿಲ್ಲ. ಅಂಗಡಿ ಮಾಮಾ ಇಕ್ಕಳದಲ್ಲಿ ಹಿಡಿದು ನಿಧಾನಕ್ಕೆ ಎಳೆದರು. ಸಣ್ಣಾಕಿ ಅದನ್ನು ಕಾಗದದಲ್ಲಿ ಸುತ್ತಿ ಪರ್ಸಿನಲ್ಲಿ ಇಟ್ಟುಕೊಂಡಳು.

ತಮ್ಮಾ, ನಿನ್ನ ಗಾಲಿ ನಾಳೆ ಮಧ್ಯಾಹ್ನದ ಬಸ್ಸಿಗೆ ಬರುತ್ತವೆ. ಟೈರು ಹೊಸದು ಹಾಕಿಸಿದ್ದೇವೆ. ಜೊತೆಗೆ ಒಂದು ಡಬ್ಬಿ ಶೇಂಗಾ ಹೋಳಿಗೆ ಇದೆ, ಹಾಸ್ಟೆಲಿನಲ್ಲಿ ಎಲ್ಲರೂ ಹಂಚಿಕೊಂಡು ತಿನ್ನಿ.