ಜೆನೆರಿಕ್ಸ್ ಪಾಠದಲ್ಲಿ ನಿರ್ಬಂಧಕ್ಕೂ ಜಾಗವಿರಲಿ

ಮಾನ್ಯ ಸಂಪಾದಕರೇ,

ಬಿಸಿಎ ಮತ್ತು ಎಂಜಿನಿಯರಿಂಗ್ ತರಗತಿಗಳ ಜಾವಾ ಪ್ರೋಗ್ರಾಮಿಂಗ್ ಭಾಷೆಯ ಪಾಠದಲ್ಲಿ ಜೆನೆರಿಕ್ಸ್ (ಒಂದೇ ಕೋಡನ್ನು ಹಲವು ಬಗೆಯ ದತ್ತಾಂಶಕ್ಕೆ ಬಳಸುವ ವಿಧಾನ) ಎಂಬ ವಿಷಯ, ನಾನು ಕಂಡಂತೆ, ಕ್ಲಾಸಿನ (ಪ್ರೋಗ್ರಾಂನಲ್ಲಿ ಆಬ್ಜೆಕ್ಟ್‌ಗಳನ್ನು ರೂಪಿಸುವ ಮಾದರಿ) ಹೆಸರಿನ ಮುಂದೆ ಟಿ ಎಂಬ ಅಕ್ಷರ ಬರೆಯುವಲ್ಲಿಗೆ ಮುಗಿದುಹೋಗುತ್ತದೆ. ಆ ಟಿ ಜಾಗದಲ್ಲಿ ಎಂತಹ ಟೈಪ್ (ದತ್ತಾಂಶದ ಬಗೆ) ಬರಬಹುದು ಎಂದು ನಿರ್ಬಂಧಿಸುವ ಭಾಗ ಕಿರುಪ್ರಶ್ನೆಯಾಗಿಯಷ್ಟೇ ಉಳಿದಿದೆ. ಪಠ್ಯಕ್ರಮ ಪರಿಷ್ಕರಿಸುವವರು ಇದಕ್ಕೆ ಪ್ರಯೋಗಾಲಯದ ಅವಧಿಯನ್ನೇ ಮೀಸಲಿಡಬೇಕೆಂದು ಕೋರುತ್ತೇನೆ.

ಪಟ್ಟಿಯೊಂದರಲ್ಲಿ ಅತಿ ದೊಡ್ಡದನ್ನು ಹುಡುಕುವ ಮೆಥಡ್ (ಒಂದು ಕೆಲಸ ಮಾಡುವ ಕೋಡಿನ ಭಾಗ) ಬರೆಯುತ್ತೇವೆ ಎಂದುಕೊಳ್ಳೋಣ. ಟಿಗೆ ಯಾವ ನಿರ್ಬಂಧವೂ ಇಲ್ಲದಿದ್ದರೆ ಅದು ಒಂದು ಆಬ್ಜೆಕ್ಟ್ ಎಂಬುದಷ್ಟೇ ಕಂಪೈಲರಿಗೆ (ಕೋಡನ್ನು ಪರಿಶೀಲಿಸಿ ಓಡಿಸಬಲ್ಲ ರೂಪಕ್ಕೆ ತರುವ ತಂತ್ರಾಂಶ) ಗೊತ್ತು. ಹಾಗಾಗಿ ಕಂಪೇರ್‌ಟು ಎಂಬ ಹೋಲಿಕೆಯ ಮೆಥಡನ್ನು ಕರೆದ ಕೂಡಲೇ ಅದು ತಡೆಯುತ್ತದೆ. ‘ಟಿ ಎಕ್ಸ್‌ಟೆಂಡ್ಸ್ ಕಂಪೇರಬಲ್’ ಎಂದು ಸೇರಿಸಿದರೆ ಹೋಲಿಸುವ ಅಧಿಕಾರ ಮೆಥಡ್‌ಗೆ ದೊರೆಯುತ್ತದೆ, ಹೋಲಿಕೆಯ ಕ್ರಮವನ್ನೇ ಹೇಳದ ಕ್ಲಾಸನ್ನು ಯಾರಾದರೂ ಕೊಟ್ಟರೆ ತಪ್ಪು ಕಂಪೈಲ್ ಮಾಡುವಾಗಲೇ ಸಿಕ್ಕಿಬೀಳುತ್ತದೆ. 2004ರಲ್ಲಿ ಜಾವಾ 5 ಬರುವವರೆಗೂ ಇದೇ ತಪ್ಪು ಪ್ರೋಗ್ರಾಂ ಓಡುವಾಗ, ಕ್ಲಾಸ್‌ಕಾಸ್ಟ್ ಎಕ್ಸೆಪ್ಷನ್ (ಟೈಪ್ ಹೊಂದದಿದ್ದಾಗ ಬರುವ ದೋಷ) ರೂಪದಲ್ಲಿ, ಬಳಕೆದಾರರ ಎದುರಿಗೇ ಬಯಲಾಗುತ್ತಿತ್ತು.

ವಿದ್ಯಾರ್ಥಿಗಳು ನಿಜವಾಗಿ ತಡವರಿಸುವುದು ಇದರ ಮುಂದಿನ ಹಂತದಲ್ಲಿ. ಜಾವಾದ ಕಲೆಕ್ಷನ್ಸ್ ಕ್ಲಾಸಿನಲ್ಲಿರುವ ಸಾರ್ಟ್ (ಕ್ರಮವಾಗಿ ಜೋಡಿಸುವ) ಮೆಥಡ್, ಟಿ ತನ್ನೊಂದಿಗೆ ಅಥವಾ ತನ್ನ ಯಾವುದೇ ಸೂಪರ್‌ಟೈಪಿನೊಂದಿಗೆ (ತಾನು ಗುಣಗಳನ್ನು ಪಡೆದುಕೊಂಡ ಮೂಲ ಟೈಪಿನೊಂದಿಗೆ) ಹೋಲಿಸಿಕೊಳ್ಳುವಂತಿರಬೇಕು ಎಂದು ಕೇಳುತ್ತದೆ. ‘ತನ್ನೊಂದಿಗೆ’ ಎಂದಷ್ಟೇ ಇದ್ದಿದ್ದರೆ, ಡೇಟಾಬೇಸ್ ಕೆಲಸಕ್ಕೆಂದು ಜಾವಾದಲ್ಲಿರುವ ಕ್ಲಾಸುಗಳ ಗುಂಪಾದ ಎಸ್‌ಕ್ಯೂಎಲ್ ಪ್ಯಾಕೇಜಿನ ಡೇಟ್‌ಗಳ ಪಟ್ಟಿಯನ್ನು ಅದು ತಿರಸ್ಕರಿಸುತ್ತಿತ್ತು. ಏಕೆಂದರೆ ಆ ಡೇಟ್, ಹೋಲಿಕೆಯ ಗುಣವನ್ನು ಯುಟಿಲ್ ಪ್ಯಾಕೇಜಿನ ಡೇಟ್‌ನಿಂದ ಪಡೆದುಕೊಂಡಿದೆ, ತನ್ನದೇ ಹೆಸರಿನಲ್ಲಿ ಘೋಷಿಸಿಕೊಂಡಿಲ್ಲ. ಅದೇ ಕ್ಲಾಸಿನ ಮ್ಯಾಕ್ಸ್ ಮೆಥಡ್ ನಿರ್ಬಂಧದ ಮೊದಲಿಗೆ ‘ಆಬ್ಜೆಕ್ಟ್’ ಎಂದು ಅನಗತ್ಯವೆನಿಸುವಂತೆ ಸೇರಿಸಿರುವುದಕ್ಕೂ ಕಾರಣವಿದೆ. ಕಂಪೈಲ್ ಆದ ಮೇಲೆ ಟಿ ಅಳಿಸಿಹೋಗಿ ನಿರ್ಬಂಧದಲ್ಲಿನ ಮೊದಲ ಟೈಪ್ ಆ ಜಾಗಕ್ಕೆ ಬರುತ್ತದೆ. ಮ್ಯಾಕ್ಸ್ ಆಬ್ಜೆಕ್ಟನ್ನೇ ಕೊಡುತ್ತದೆಂದು ನಂಬಿ ಬರೆದ ಹಳೆಯ ಪ್ರೋಗ್ರಾಂಗಳು ಮೊದಲಿನಂತೆಯೇ ನಡೆಯಬೇಕಾದರೆ ಅದು ಆಬ್ಜೆಕ್ಟ್ ಆಗಿರಲೇಬೇಕಿತ್ತು. ಒಂದೇ ಸಾಲಿನ ಘೋಷಣೆಯಲ್ಲಿ ಇಷ್ಟೊಂದು ವಿಚಾರ ಅಡಗಿರುವಾಗ ಅದನ್ನು ಬಾಯಿಪಾಠ ಮಾಡಿಸುವುದು ಮಕ್ಕಳಿಗೆ ಮಾಡುವ ಅನ್ಯಾಯವೆಂದೇ ನನ್ನ ಭಾವನೆ.

ಇದು ಜಾವಾಕ್ಕೆ ಮಾತ್ರ ಸಂಬಂಧಿಸಿದ್ದೂ ಅಲ್ಲ. 1970ರ ದಶಕದಲ್ಲೇ ಅಮೆರಿಕದ ಎಂಐಟಿಯಲ್ಲಿ ಗಣಕ ವಿಜ್ಞಾನಿ ಬಾರ್ಬರಾ ಲಿಸ್ಕೋವ್ ಮತ್ತು ಸಂಗಡಿಗರು ರೂಪಿಸಿದ ಕ್ಲೂ ಭಾಷೆಯಲ್ಲಿ, ಟಿಯಂತಹ ಟೈಪ್ ಪ್ಯಾರಾಮೀಟರ್‌ಗೆ ಇರಬೇಕಾದ ಕ್ರಿಯೆಗಳನ್ನು ‘ವೇರ್’ ಎಂದು ಬರೆದು ಸೂಚಿಸಬಹುದಿತ್ತು. 2005ರ ಸಿ ಶಾರ್ಪ್ 2.0 ಕೂಡ ‘ವೇರ್’ ಎಂಬ ಪದವನ್ನೇ ಬಳಸಿತು. ಸಿ ಪ್ಲಸ್ ಪ್ಲಸ್‌ನ ಟೆಂಪ್ಲೇಟ್‌ಗಳಿಗೆ ‘ಕಾನ್ಸೆಪ್ಟ್ಸ್’ ಹೆಸರಿನಲ್ಲಿ ಈ ಸೌಲಭ್ಯ ಸೇರಿದ್ದು 2020ರ ಆವೃತ್ತಿಯಲ್ಲಿ.

ಪ್ರಯೋಗಾಲಯದಲ್ಲಿ ವಿದ್ಯಾರ್ಥಿಯೇ ನಿರ್ಬಂಧವನ್ನು ಅಳಿಸಿ, ಕಂಪೈಲರ್ ಎಲ್ಲಿ, ಏನೆಂದು ಆಕ್ಷೇಪಿಸುತ್ತದೆ ಎಂಬುದನ್ನು ಓದಿ, ಕಾರಣವನ್ನು ತನ್ನ ಮಾತಿನಲ್ಲಿ ರೆಕಾರ್ಡ್ ಪುಸ್ತಕದಲ್ಲಿ ಬರೆಯುವಂತಾಗಬೇಕು. ಇದಕ್ಕೆ ಹೊಸ ಉಪಕರಣವಾಗಲಿ ಹೆಚ್ಚಿನ ಅನುದಾನವಾಗಲಿ ಬೇಕಿಲ್ಲ. ಪ್ರಶ್ನೆಪತ್ರಿಕೆ ಸಿದ್ಧಪಡಿಸುವವರೂ ವ್ಯಾಖ್ಯೆ ಕೇಳುವ ಬದಲು ದೋಷವಿರುವ ಘೋಷಣೆಯೊಂದನ್ನು ಕೊಟ್ಟು ತಿದ್ದಲು ಹೇಳಲಿ.

– ಗಣಕ ವಿಜ್ಞಾನ ಉಪನ್ಯಾಸಕಿ, ಶಿವಮೊಗ್ಗ