ಕಾಲು ನೊಂದವರ ಕೈಗೆ ಗಡಿಯಾರ ಕೊಡಿ

ಮಾನ್ಯ ಸಂಪಾದಕರೇ,

ಡಿಸೆಂಬರ್ ಬಂತೆಂದರೆ ನಿಮ್ಮ ಪತ್ರಿಕೆಯ ಸಂಘ-ಸಂಸ್ಥೆಗಳ ಪುಟದ ತುಂಬ ಕ್ರೀಡಾಕೂಟದ ಕರೆಯೋಲೆಗಳೇ. ಮುಂಬಯಿ, ಠಾಣೆ, ನವಿ ಮುಂಬಯಿ, ಪುಣೆಯ ನಮ್ಮ ಕನ್ನಡ ಸಂಘಗಳೂ ಸಮಾಜದ ಸಂಘಗಳೂ ಫೆಬ್ರವರಿ ಮುಗಿಯುವ ತನಕ ಒಂದಲ್ಲ ಒಂದು ಭಾನುವಾರ ಮೈದಾನ ಹಿಡಿದಿರುತ್ತವೆ. ಮಕ್ಕಳ ಓಟ, ಯುವಕರ ರಿಲೇ, ಹಗ್ಗಜಗ್ಗಾಟ ಎಲ್ಲ ಚೆನ್ನಾಗಿಯೇ ನಡೆಯುತ್ತವೆ. ಎಡವುವುದು ‘40 ವರ್ಷ ಮೇಲ್ಪಟ್ಟವರಿಗೆ’ ಎಂಬ ಆ ಒಂದು ಸಾಲಿನಲ್ಲಿ. 41ರವರೂ 68ರವರೂ ಒಂದೇ ಗೆರೆಯ ಮೇಲೆ ನಿಲ್ಲುತ್ತಾರೆ, ಸೀಟಿ ಊದುತ್ತದೆ, ಮರುದಿನ ಇಬ್ಬರು ಮೂವರು ಕುಂಟುತ್ತ ಲೋಕಲ್ ಹತ್ತುತ್ತಾರೆ. ಮಾಸ್ಟರ್ಸ್ ಕೂಟಗಳಲ್ಲಿ, ಅಂದರೆ 35 ತುಂಬಿದವರ ಕೂಟಗಳಲ್ಲಿ ಓಡುವ, ಎಸೆಯುವ, ಗಡಿಯಾರ (ಸ್ಟಾಪ್‌ವಾಚ್) ಹಿಡಿದು ನಿಲ್ಲುವ ನಾವು ಕೆಲವರು ಸೇರಿ, ಹಿರಿಯರಿಗೆ ಗಾಯವಾಗದಂತೆ ಕೂಟ ನಡೆಸುವುದು ಹೇಗೆ, ಗಾಯವಾದವರಿಗೆ ಮೈದಾನದ ಯಾವ ಕೆಲಸ ಕೊಡಬಹುದು ಎಂದು ಹೇಳಲು ಈ ಪತ್ರ ಬರೆಯುತ್ತಿದ್ದೇವೆ. ಈ ಸಲದ ಸಿದ್ಧತಾ ಸಭೆಗೆ ಮುಂಚೆ ಪದಾಧಿಕಾರಿಗಳ ಕಣ್ಣಿಗೆ ಬಿದ್ದರೆ ಸಾಕು.

ಮಾಸ್ಟರ್ಸ್ ಅಥ್ಲೆಟಿಕ್ಸ್ ಎಂದರೆ ಮುದುಕರ ಮನರಂಜನೆ ಅಲ್ಲ. 1975ರಲ್ಲಿ ಟೊರಾಂಟೊದಲ್ಲಿ ಮೊದಲ ವಿಶ್ವಕೂಟ ನಡೆದಾಗಿನಿಂದ ಅದಕ್ಕೊಂದು ಶಿಸ್ತು ಬೆಳೆದುಬಂದಿದೆ. 35ರಿಂದ ಶುರು, ಆಮೇಲೆ ಐದೈದು ವರ್ಷಕ್ಕೊಂದು ವರ್ಗ. ಲೆಕ್ಕ ಹಿಡಿಯುವುದು ಕೂಟದ ಮೊದಲ ದಿನದ ವಯಸ್ಸನ್ನು. ಸ್ಪರ್ಧಿಗಳು ಕಡಿಮೆಯಿದ್ದರೆ ಎರಡು ಮೂರು ವರ್ಗದವರನ್ನು ಒಟ್ಟಿಗೆ ಓಡಿಸಿ, ತೊಂದರೆಯಿಲ್ಲ. ಆದರೆ ಬೆನ್ನಿಗೆ ವರ್ಗದ ಸಂಖ್ಯೆಯ ಚೀಟಿ ಅಂಟಿಸಿ, ಬಹುಮಾನ ಬೇರೆ ಬೇರೆ ಕೊಡಿ. ಮುಂದೆ ಓಡುತ್ತಿರುವವನು ತನ್ನ ವರ್ಗದವನಲ್ಲ ಎಂದು ಬೆನ್ನು ನೋಡಿಯೇ ಗೊತ್ತಾದರೆ 62ರ ಮನುಷ್ಯ 45ರವನ ಹಿಂದೆ ಬಿದ್ದು ತೊಡೆ ಹರಿದುಕೊಳ್ಳುವುದಿಲ್ಲ. ಚೀಟಿಗೆ ತಗಲುವುದು ಒಂದು ಹಾಳೆ, ನಾಲ್ಕು ಪಿನ್ನು.

ಗುಂಡು ಎಸೆತದಲ್ಲಂತೂ ತಪ್ಪು ಕಣ್ಣಿಗೆ ಕುಕ್ಕುತ್ತದೆ. ಯಾವುದೋ ಕಾಲೇಜಿನಿಂದ ತಂದ 7.26 ಕಿಲೋ ಗುಂಡೊಂದೇ ಎಲ್ಲರಿಗೂ. ಅದು 49 ವರ್ಷದವರೆಗಿನ ಗಂಡಸರದು. 50ರಿಂದ 59ಕ್ಕೆ 6 ಕಿಲೋ, 60ರಿಂದ 69ಕ್ಕೆ 5, 70ರಿಂದ 79ಕ್ಕೆ 4, 80 ದಾಟಿದವರಿಗೆ 3 ಕಿಲೋ. ಹೆಂಗಸರಿಗೆ 49ರವರೆಗೆ 4 ಕಿಲೋ, 50ರಿಂದ 74ರವರೆಗೆ 3, ಮುಂದೆ 2. ತೂಕ ಮೀರಿದ ಗುಂಡನ್ನು ಕುತ್ತಿಗೆಗೆ ಒತ್ತಿ ಹಿಡಿಯಲಾಗದೆ ಕೈ ಹೊರಕ್ಕೆ ಜಾರುತ್ತದೆ. ಆಗ ಅದು ತಳ್ಳುವಿಕೆ ಅಲ್ಲ, ಕಲ್ಲು ಬೀಸಿದ ಹಾಗೆ. ಭುಜದ ಒಳಗಿನ ಸ್ನಾಯುರಜ್ಜು ಆ ಭಾರ ತಾಳುವುದಿಲ್ಲ. ಅದರ ಜೊತೆ 3, 4, 5, 6 ಕಿಲೋ ನಾಲ್ಕು ಗುಂಡು ಇದ್ದರೆ ಸಂಘದ ಕೂಟಕ್ಕೆ ಧಾರಾಳ. ಧೋಬಿ ತಲಾವ್‌ನ ಕ್ರೀಡಾ ಸಾಮಗ್ರಿ ಅಂಗಡಿಗಳಲ್ಲಿ ಸಿಗುತ್ತವೆ, ಒಮ್ಮೆ ಕೊಂಡರೆ ಮಕ್ಕಳ ಕಾಲಕ್ಕೂ ಬರುತ್ತವೆ.

ಹೆಂಗಸರ ವಿಷಯ ಬರೆಯಲೇಬೇಕು. 50 ದಾಟಿದ ಕೂಡಲೇ ಅವರಿಗೆ ನಿಂಬೆ-ಚಮಚ, ಸಂಗೀತ ಕುರ್ಚಿ! ಹರಿಯಾಣದ ಭಗವಾನಿ ದೇವಿ 2022ರಲ್ಲಿ ಫಿನ್ಲೆಂಡಿನ ಟಾಂಪೆರೆಯಲ್ಲಿ ತಮ್ಮ 94ನೇ ವಯಸ್ಸಿನಲ್ಲಿ 100 ಮೀಟರ್ ಅನ್ನು 24.74 ಸೆಕೆಂಡಿನಲ್ಲಿ ಓಡಿ ಚಿನ್ನ ಗೆದ್ದರು, ಗುಂಡು ಮತ್ತು ಚಕ್ರ ಎಸೆತದಲ್ಲಿ ಕಂಚು. ಮುಟ್ಟು ನಿಂತ ಮೇಲೆ ಮೂಳೆ ಸವೆಯುವುದು ಜೋರಾಗುತ್ತದೆ, ಅದನ್ನು ತಡೆಯಲು ಬೇಕಾದದ್ದು ಭಾರ ಎತ್ತುವ, ನೆಲ ಒದೆಯುವ ಕೆಲಸ. ಚಮಚ ಕಚ್ಚಿ ನಡೆದರೆ ಮೂಳೆಗೇನು ಬಂತು? 60 ಮೀಟರ್ ಓಟ, 3 ಕಿಲೋ ಗುಂಡು, 1 ಕಿಲೋಮೀಟರ್ ನಡಿಗೆ ಇಡಿ. ಚೂಡಿದಾರ್, ಟ್ರ್ಯಾಕ್ ಪ್ಯಾಂಟ್ ಯಾವುದಾದರೂ ಸರಿ, ಕಾಲಿಗೆ ಶೂ ಇರಲಿ ಎಂದು ಕರೆಯೋಲೆಯಲ್ಲೇ ಬರೆದುಬಿಡಿ.

ಗಾಯಗಳಲ್ಲಿ ಅರ್ಧ ಹುಟ್ಟುವುದು ಕಾರ್ಯಕ್ರಮ ಪಟ್ಟಿಯಲ್ಲಿ. ಹಿರಿಯರ ಓಟ 10 ಗಂಟೆಗೆ ಎಂದು ಬರೆದಿರುತ್ತದೆ; ಅವರು 9.30ಕ್ಕೇ ಮೈ ಬಿಸಿ ಮಾಡಿಕೊಂಡಿರುತ್ತಾರೆ. ಅಷ್ಟರಲ್ಲಿ ಅತಿಥಿಗಳು ಬರುತ್ತಾರೆ, ದೀಪ, ಶಾಲು, ಭಾಷಣ, ಇನ್ನೊಂದು ಭಾಷಣ. ಹದಿನೈದು ನಿಮಿಷದಲ್ಲೇ ಮೈ ಆರತೊಡಗುತ್ತದೆ. 12ಕ್ಕೆ ಬಿಸಿಲಲ್ಲಿ ಕರೆದು ನಿಲ್ಲಿಸಿ ‘ರೆಡಿ’ ಎಂದರೆ ಮೊದಲ 30 ಮೀಟರಿನಲ್ಲೇ ತೊಡೆಯ ಹಿಂಭಾಗ ಹಿಡಿಯುತ್ತದೆ. ಹಿರಿಯರ ಓಟವನ್ನು ಉದ್ಘಾಟನೆಗೆ ಮುಂಚೆ, 8 ಗಂಟೆಯೊಳಗೆ ಮುಗಿಸಿಬಿಡಿ. ಆಗದಿದ್ದರೆ ಓಟಕ್ಕೆ 20 ನಿಮಿಷ ಮೊದಲು ಮೈಕಿನಲ್ಲಿ ಕೂಗಿ, ಹೇಳಿದ ಹೊತ್ತಿಗೆ ಓಡಿಸಿ. ಅಷ್ಟರಲ್ಲಿ ಐದಾರು ನಿಮಿಷ ನಿಧಾನ ಓಟ, ನಿಂತು ಕಾಲು ಬೀಸುವುದು, ಮಂಡಿ ಎತ್ತಿ ನಡೆಯುವುದು, ಕೊನೆಗೆ 50 ಮೀಟರಿನ ಮೂರು ಓಟ, ಒಂದಕ್ಕಿಂತ ಒಂದು ಚುರುಕಾಗಿ. ನಿಂತಲ್ಲೇ ಬಗ್ಗಿ ಪಾದ ಮುಟ್ಟಿ ಒಂದು ನಿಮಿಷ ಎಳೆಯುವುದು ವೇಗದ ಓಟಕ್ಕೆ ಸಿದ್ಧತೆ ಅಲ್ಲ. ಬಗ್ಗಿ ಕೂತೇ ಓಟ ಶುರುಮಾಡಬೇಕೆಂಬ ಕಟ್ಟುಪಾಡು ಮಾಸ್ಟರ್ಸ್‌ನಲ್ಲಿ ಇಲ್ಲ, ನಿಂತೇ ಹೊರಡಬಹುದು. ಮಂಡಿ ನೋವಿನವರಿಗೆ ಅದನ್ನು ಹೇಳಿ.

ಇನ್ನೊಂದು, ಮುಕ್ತಾಯದ ಗೆರೆಯ ಆಚೆ. ನಿಯಮದ ಟ್ರ್ಯಾಕಿನಲ್ಲಿ ಅಲ್ಲಿಂದ ಮುಂದೆ ಕಡಿಮೆಯೆಂದರೂ 17 ಮೀಟರ್ ಖಾಲಿ ಜಾಗ ಇರುತ್ತದೆ. ನಮ್ಮ ಕೂಟಗಳಲ್ಲಿ ಐದಾರು ಹೆಜ್ಜೆಗೇ ಟ್ರೋಫಿ ಮೇಜು, ಅದರ ಮುಂದೆ ಮೊಬೈಲ್ ಹಿಡಿದ ಬಂಧುಬಳಗ. ಪೂರ್ತಿ ವೇಗದಲ್ಲಿ ಬಂದವರು ಹಠಾತ್ತನೆ ಕಾಲೂರಿ ನಿಲ್ಲಬೇಕು. ಮೀನಖಂಡ ಹರಿಯುವುದು, ಮುಗ್ಗರಿಸಿ ಮಣಿಕಟ್ಟು ಮುರಿಯುವುದು ಅಲ್ಲೇ. ಮೇಜನ್ನು ಪಕ್ಕಕ್ಕೆ ಹಾಕಿ.

ಇನ್ನು ನೋವಾದ ಮೇಲಿನ ಮಾತು. ತೊಡೆಯ ಹಿಂದೆ ‘ಚಟ್’ ಎಂದರೆ ಅಲ್ಲಿಗೆ ಆ ದಿನದ ಓಟ ಮುಗಿಯಿತು. ಸ್ಪ್ರೇ ಹೊಡೆದು ಕ್ರೇಪ್ ಬ್ಯಾಂಡೇಜ್ ಸುತ್ತಿ ‘ರಿಲೇಗೆ ಒಬ್ಬರು ಕಡಿಮೆ, ಸ್ವಲ್ಪ ಸುಧಾರಿಸಿಕೊಳ್ಳಿ’ ಎನ್ನುವ ಮ್ಯಾನೇಜರ್‌ಗಳು ಎರಡು ವಾರದ ಗಾಯವನ್ನು ಎರಡು ತಿಂಗಳಿನದು ಮಾಡುತ್ತಾರೆ. ಮೊದಲ ಎರಡು ಮೂರು ದಿನ ಬಿಸಿ ಶಾಖ ಬೇಡ, ಎಣ್ಣೆ ಹಚ್ಚಿ ತಿಕ್ಕುವುದು ಬೇಡ, ಮದ್ಯ ಬೇಡ. ಒಳಗಿನ ರಕ್ತಸ್ರಾವ ಹೆಚ್ಚುತ್ತದೆ. ಬಟ್ಟೆಯಲ್ಲಿ ಸುತ್ತಿದ ಐಸ್ 10-15 ನಿಮಿಷ ಇಟ್ಟರೆ ನೋವು ತಗ್ಗುತ್ತದೆ, ಅಷ್ಟೆ. ಕುಂಟದೆ ನಡೆಯಲು ಬಂದ ಮೇಲೆ ಅಂಗಾತ ಮಲಗಿ ಹಿಮ್ಮಡಿಯನ್ನು ನೆಲಕ್ಕೆ ಒತ್ತಿ ಹಿಡಿಯುವುದು, ಸೊಂಟ ಎತ್ತುವುದು, ಮೊದಲು ಎರಡು ಕಾಲಲ್ಲಿ, ಆಮೇಲೆ ಒಂದೇ ಕಾಲಲ್ಲಿ. ಆನಂತರ ನಿಧಾನ ಓಟ. ಕೊನೆಗೆ 60 ಮೀಟರ್: 20 ವೇಗ ಏರಿಸಲು, 20 ಹಿಡಿದಿಡಲು, 20 ಇಳಿಸಲು, ನೂರಕ್ಕೆ 60ರ ವೇಗದಿಂದ ಶುರುಮಾಡಿ ದಿನ ಬಿಟ್ಟು ದಿನ ಹತ್ತು ಹತ್ತು ಏರಿಸುತ್ತ ಹೋಗಬೇಕು. ಪೂರ್ತಿ ವೇಗದ ಹತ್ತಿರ ಎರಡು ಸಲ ಓಡಿ, ಮರುದಿನ ಬೆಳಗ್ಗೆಯೂ ಬಿಗಿತ ಇಲ್ಲದಿದ್ದರೆ ಸ್ಪರ್ಧೆ. ಅದೇ ಜಾಗ ಮತ್ತೆ ಹರಿಯುವ ಭಯ ಹೆಚ್ಚಿರುವುದು ಓಟಕ್ಕೆ ಮರಳಿದ ಮೊದಲ ಎರಡು ವಾರ. ಕೂತಾಗ ನೆಲಕ್ಕೆ ತಾಗುವ ಮೂಳೆಯ ಹತ್ತಿರ ನೋವಿದ್ದರೆ ವಾಸಿಗೆ ಇನ್ನೂ ಹೆಚ್ಚು ದಿನ ಬೇಕು, ಅಲ್ಲಿ ಜೋರಾಗಿ ಎಳೆಯಲೇಬಾರದು. ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ತೊಡೆಯ ತುಂಬ ನೀಲಿಗಟ್ಟಿದರೆ ವೈದ್ಯರ ಬಳಿಗೇ ಹೋಗಬೇಕು.

ಹಿಮ್ಮಡಿಯ ಮೇಲಿನ ದಪ್ಪ ನರ ಎಂದು ನಾವು ಕರೆಯುವ ಅಕಿಲೀಸ್ ರಜ್ಜುವಿನ ಕತೆ ಬೇರೆ. ತಿಂಗಳುಗಟ್ಟಲೆ ಸುಮ್ಮನೆ ಕೂತರೆ ಅದು ವಾಸಿಯಾಗುವುದಿಲ್ಲ, ಭಾರ ಹೊತ್ತೇ ಗಟ್ಟಿಯಾಗಬೇಕು. ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲ ಮೇಲೆ ನಿಂತು, ಎರಡೂ ಕಾಲಿನಿಂದ ಮೇಲೇರಿ, ನೋಯುವ ಒಂದೇ ಕಾಲಿನ ಮೇಲೆ ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸುವುದು. ಮಂಡಿ ನೆಟ್ಟಗಿಟ್ಟು 15ರಂತೆ ಮೂರು ಸಲ, ಸ್ವಲ್ಪ ಮಡಿಸಿ 15ರಂತೆ ಮೂರು ಸಲ, ದಿನಕ್ಕೆ ಎರಡು ಹೊತ್ತು, 12 ವಾರ. ದಿನಕ್ಕೆ 180 ಆಯಿತು. ಮೂರನೇ ವಾರಕ್ಕೆ ಬೇಸರ ಬಂದು ಬಿಡುವವರೇ ಹೆಚ್ಚು. ಮಾಡುವಾಗ ಸ್ವಲ್ಪ ನೋವಿದ್ದರೆ ಪರವಾಗಿಲ್ಲ, ಮರುದಿನ ಬೆಳಗ್ಗೆ ಹಾಸಿಗೆಯಿಂದ ಇಳಿದಾಗ ಬಿಗಿತ ಹಿಂದಿನ ದಿನಕ್ಕಿಂತ ಹೆಚ್ಚಿದ್ದರೆ ಪ್ರಮಾಣ ಇಳಿಸಬೇಕು. ನೋವು ರಜ್ಜು ಮೂಳೆಗೆ ಸೇರುವಲ್ಲೇ ಇದ್ದರೆ ಮೆಟ್ಟಿಲಿಗಿಂತ ಕೆಳಗೆ ಇಳಿಸದೆ ಸಮನೆಲದ ಮೇಲೆ ಮಾಡುವುದು ಸರಿ. ಹಿಂದಿನಿಂದ ಯಾರೋ ಒದ್ದ ಹಾಗೆ ಅನ್ನಿಸಿ ತಿರುಗಿ ನೋಡಿದರೆ ಯಾರೂ ಇಲ್ಲ ಎಂದಾದರೆ ರಜ್ಜು ಕಡಿದಿರಬಹುದು. ಬೋರಲು ಮಲಗಿಸಿ ಮೀನಖಂಡ ಹಿಂಡಿ. ಪಾದ ಅಲುಗದಿದ್ದರೆ ಅದೇ ದಿನ ಆಸ್ಪತ್ರೆ.

ಇದರ ಜೊತೆಗೆ ಬಹಳ ಜನಕ್ಕೆ ಗೊತ್ತಿಲ್ಲದ ಸಂಗತಿಯೊಂದಿದೆ. ಸಿಪ್ರೊಫ್ಲೊಕ್ಸಾಸಿನ್, ಲೆವೊಫ್ಲೊಕ್ಸಾಸಿನ್ ಜಾತಿಯ ಮಾತ್ರೆಗಳು ಅಕಿಲೀಸ್ ಕಡಿಯುವ ಅಪಾಯ ಹೆಚ್ಚಿಸುತ್ತವೆ, 60 ದಾಟಿದವರಲ್ಲಿ, ಸ್ಟೀರಾಯ್ಡ್ ತೆಗೆದುಕೊಳ್ಳುವವರಲ್ಲಿ ಇನ್ನಷ್ಟು. ಹೊಟ್ಟೆ ಕೆಟ್ಟಾಗ ಹಳೆಯ ಸ್ಟ್ರಿಪ್ಪಿನಿಂದ ಒಂದು ನುಂಗುವ ಅಭ್ಯಾಸ ನಮ್ಮಲ್ಲಿದೆ. ವೈದ್ಯರು ಬರೆದಿದ್ದರೆ ನೀವಾಗಿ ನಿಲ್ಲಿಸಬೇಡಿ, ಆದರೆ ‘ನಾನು ಓಡುವವನು’ ಎಂದು ಹೇಳಿ. ಊರಿನಿಂದ ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದವರಿಗೆ ಏಟಿಲ್ಲದೆ ಮೀನಖಂಡ ಊದಿ ಬಿಸಿಯಾದರೆ ಅದನ್ನು ಸ್ನಾಯುಸೆಳೆತ ಎಂದು ತಿಕ್ಕಲೂ ಬಾರದು, ರಕ್ತ ಹೆಪ್ಪುಗಟ್ಟಿರಬಹುದು. ಇನ್ನು ಅಧಿಕೃತ ಮಾಸ್ಟರ್ಸ್ ಕೂಟಗಳಿಗೆ ಹೋಗುವವರು ತಮ್ಮ ಬಿಪಿ ಮಾತ್ರೆಯ ಹಿಂಬದಿ ಓದಿಕೊಳ್ಳಲಿ. ಹೈಡ್ರೊಕ್ಲೋರೊಥಯಾಜೈಡ್ ಬೆರೆತಿದ್ದರೆ ಅದು ಉದ್ದೀಪನ ಮದ್ದಿನ ನಿಷೇಧಿತ ಪಟ್ಟಿಯಲ್ಲಿದೆ, ಇನ್ಸುಲಿನ್ ಕೂಡ. ಎರಡಕ್ಕೂ ಮುಂಚಿತವಾಗಿ ವೈದ್ಯಕೀಯ ಅನುಮತಿ ಪಡೆಯುವ ದಾರಿಯಿದೆ.

ಇಷ್ಟೆಲ್ಲ ಹೇಳಿದ್ದು ಒಂದು ಮಾತಿಗೆ ಬರಲು. 12 ವಾರ ಮೆಟ್ಟಿಲ ಅಂಚಿನಲ್ಲಿ ಹಿಮ್ಮಡಿ ಇಳಿಸುತ್ತಿರುವ ಮನುಷ್ಯ ಆ ಹೊತ್ತಿಗೆ ಮೈದಾನಕ್ಕೆ ಬರುವುದನ್ನೇ ಬಿಡುತ್ತಾನೆ. ಸಂಘಗಳಿಗೆ ಸ್ವಯಂಸೇವಕರು ಸಿಗುವುದಿಲ್ಲ ಎಂಬ ಗೋಳೂ ಅದೇ ಹೊತ್ತಿನದು. ಓಟ ಬಲ್ಲವನಿಗಿಂತ ಒಳ್ಳೆಯ ಸಮಯಪಾಲಕ ಎಲ್ಲಿ ಸಿಕ್ಕಾನು? ಆದರೆ ಕೆಲಸ ಹಂಚುವಾಗ ಗಾಯ ನೋಡಿ ಹಂಚಿ. ಅಕಿಲೀಸ್ ನೋವಿನವರನ್ನು ಕಾಂಕ್ರೀಟಿನ ಮೇಲೆ ನಾಲ್ಕು ಗಂಟೆ ನಿಲ್ಲಿಸಬೇಡಿ, ಕುರ್ಚಿ ಹಾಕಿ ಸುತ್ತು ಎಣಿಸಲು ಕೂರಿಸಿ. ತೊಡೆ ನೋವಿನವರಿಗೆ ಗುಂಡು ಬಿದ್ದ ಜಾಗದಲ್ಲಿ ಟೇಪ್ ಹಿಡಿಯುವ ಕೆಲಸ ಬೇಡ. 20 ಜನ, ಮೂರು ಮೂರು ಎಸೆತ ಎಂದರೆ 60 ಸಲ ಬಗ್ಗಬೇಕು. ಭುಜ ನೋವಿನವರಿಗೆ ಗಡಿಯಾರ ಒತ್ತಲು ಏನೂ ಅಡ್ಡಿಯಿಲ್ಲ.

ಈ ಕೆಲಸಗಳನ್ನು ಒಂದು ಸಂಜೆಯಲ್ಲಿ ಕಲಿಸಬಹುದು. ಸೀಟಿ ಊದಿ ಓಡಿಸುವುದನ್ನು ಮೊದಲು ಬಿಡಿ. 100 ಮೀಟರ್ ಆಚೆ ನಿಂತವರ ಕಿವಿಗೆ ಸದ್ದು ತಲುಪಲು ಸುಮಾರು 0.3 ಸೆಕೆಂಡ್ ಬೇಕು, ಅಷ್ಟು ಸಮಯ ಓಟಗಾರನಿಗೆ ಬಿಟ್ಟಿ. ಎರಡು ಹಲಗೆಗಳ ಕ್ಲ್ಯಾಪರ್ ಬಳಸಿ, ಹಲಗೆ ಮುಚ್ಚುವುದನ್ನು ಕಣ್ಣಿಂದ ನೋಡಿ ಗಡಿಯಾರ ಒತ್ತಲಿ. ನಿಲ್ಲಿಸುವುದು ಎದೆ ಗೆರೆ ದಾಟಿದಾಗ. ಚಾಚಿದ ಕೈ, ತಲೆ ಲೆಕ್ಕಕ್ಕಿಲ್ಲ. ಕೈಯಲ್ಲಿ ಒತ್ತಿದ ಗಡಿಯಾರದ ಸಮಯವನ್ನು ಸೆಕೆಂಡಿನ ಮೇಲಿನ ಹತ್ತನೇ ಭಾಗಕ್ಕೆ ಏರಿಸಬೇಕು: 16.42 ಬಂದರೆ 16.5. ಮೊದಲನೆಯವರಿಗೆ ಮೂರು ಗಡಿಯಾರ ಇಟ್ಟು ನಡುವಿನದನ್ನು ಹಿಡಿಯಿರಿ. ಅಭ್ಯಾಸಕ್ಕೆ ಐದು ಸಲ ಓಡಿಸಿ ನೋಡಿ, ಯಾರ ಗಡಿಯಾರ ಪ್ರತಿ ಸಲವೂ 0.3 ಕಡಿಮೆ ತೋರಿಸುತ್ತದೋ ಅವರು ಸದ್ದು ಕೇಳಿ ಒತ್ತುತ್ತಿದ್ದಾರೆ.

ಸುತ್ತು ಎಣಿಸುವವರಿಗೆ ತಲೆಗೆ ನಾಲ್ಕೇ ಓಟಗಾರರು. 200 ಮೀಟರ್ ಟ್ರ್ಯಾಕಿನಲ್ಲಿ 3000 ಮೀಟರ್ ಎಂದರೆ 15 ಸುತ್ತು. ಬರೀ ಗೀಟು ಎಳೆದರೆ ಜಗಳ ಖಾತ್ರಿ. ಪ್ರತಿ ಸುತ್ತಿಗೂ ಗಡಿಯಾರದ ಸಮಯ ಬರೆಯಲಿ. 64, 65, 66 ಸೆಕೆಂಡಿನಂತೆ ಬರುತ್ತಿದ್ದವರ ಅಂತರ ಒಮ್ಮೆಲೇ 131 ಆದರೆ ತಪ್ಪಿದ್ದು ಓಟಗಾರನಲ್ಲ, ಎಣಿಸುವವರು ಒಂದು ಸುತ್ತು ಬಿಟ್ಟಿದ್ದಾರೆ.

ಗುಂಡಿನ ಸೆಕ್ಟರ್, ಅಂದರೆ ಗುಂಡು ಬೀಳಬೇಕಾದ ಜಾಗದ ಎರಡು ಗೆರೆ ಹಾಕಲು ಕೋನಮಾಪಕ ಬೇಡ. ವೃತ್ತದ ನಡುವಿನಿಂದ 20 ಮೀಟರಿಗೆ ಎರಡು ಗೆರೆಗಳ ನಡುವೆ 12 ಮೀಟರ್ ಇರಲಿ, 34.92 ಡಿಗ್ರಿ ತಾನೇ ಬರುತ್ತದೆ. ವೃತ್ತದ ಅಡ್ಡಳತೆ 2.135 ಮೀಟರ್. ಟೇಪಿನ ಸೊನ್ನೆ ಗುಂಡು ಬಿದ್ದ ಗುರುತಿನಲ್ಲಿ, ಇನ್ನೊಂದು ತುದಿ ವೃತ್ತದ ನಡುವಿನ ಮೇಲೆ ಹಾಯಬೇಕು, ಓದುವುದು ವೃತ್ತದ ಮುಂಭಾಗದ ಕಟ್ಟೆಯ ಒಳ ಅಂಚಿನಲ್ಲಿ, ಸೆಂಟಿಮೀಟರಿಗೆ ಕೆಳಗೆ ಇಳಿಸಿ. ನಡು ತಪ್ಪಿಸಿ ಓರೆಯಾಗಿ ಎಳೆದರೆ ಪಕ್ಕಕ್ಕೆ ಎಸೆದವರ ದೂರ ಸುಮ್ಮನೆ ಬೆಳೆಯುತ್ತದೆ. ಗುಂಡನ್ನು ವಾಪಸು ಉರುಳಿಸಬಾರದು, ಎತ್ತಿ ತರಬೇಕು. ಗೆರೆ ಹಾಕಲು ಸುಣ್ಣದ ಪುಡಿ ಬೇಡ, ಕಣ್ಣಿಗೆ ಬಿದ್ದರೆ ಸುಡುತ್ತದೆ. ರಂಗೋಲಿ ಪುಡಿ ಸಾಕು.

ಒಂದು ಕೆಲಸ ಮಾತ್ರ ಗಾಯವಿಲ್ಲದವರಿಗೇ ಕೊಡಿ. ಯಾರಾದರೂ ಕುಸಿದು ಉಸಿರಾಟ ನಿಂತರೆ 108ಕ್ಕೆ ಫೋನ್ ಮಾಡಲು ಒಬ್ಬರು, ಎದೆ ಒತ್ತಲು ಇಬ್ಬರು ಮೊದಲೇ ನಿಗದಿಯಾಗಿರಲಿ. ನಿಮಿಷಕ್ಕೆ 100ರಿಂದ 120 ಸಲ, 5 ಸೆಂಟಿಮೀಟರಿಗೆ ಕಡಿಮೆಯಿಲ್ಲದ ಆಳಕ್ಕೆ. ಎರಡು ನಿಮಿಷಕ್ಕೆ ಕೈ ಬದಲಾಗಬೇಕು, ದಣಿದ ಕೈ ಆಳ ತಪ್ಪುತ್ತದೆ. ಆಂಬುಲೆನ್ಸ್ ಯಾವ ಗೇಟಿನಿಂದ ಒಳಬರಬೇಕು, ಅದರ ಕೀಲಿ ಯಾರ ಬಳಿ ಇದೆ ಎಂಬುದನ್ನು ಬೆಳಗ್ಗೆಯೇ ನೋಡಿಕೊಳ್ಳಿ.

ಕೊನೆಗೆ ತಮ್ಮಲ್ಲೊಂದು ವಿನಂತಿ. ಕೂಟದ ವರದಿಯಲ್ಲಿ ವೇದಿಕೆಯ ಮೇಲಿದ್ದವರ ಹೆಸರಿಗೆ ಅರ್ಧ ಕಾಲಂ, ಗೆದ್ದವರಿಗೆ ‘ಪ್ರಥಮ, ದ್ವಿತೀಯ’ ಎಂದು ಎರಡು ಸಾಲು. ಇನ್ನು ಮುಂದೆ ವಯೋವರ್ಗ, ಸಮಯ, ದೂರ ಕೇಳಿ ಪಡೆದು ಅಚ್ಚು ಹಾಕಿ. 57ರವರೊಬ್ಬರು ‘16.5’ ಎಂಬುದನ್ನು ಕತ್ತರಿಸಿ ಇಟ್ಟುಕೊಂಡರೆ ಮುಂದಿನ ಜನವರಿಗೆ 16.4ರ ಆಸೆಯಿಂದ ಅಕ್ಟೋಬರಿನಲ್ಲೇ ಅಭ್ಯಾಸ ಶುರುಮಾಡುತ್ತಾರೆ. ಸಮಯ ಬರೆದು ಕಳುಹಿಸದ ಸಂಘದ ವರದಿಯಿಂದ ಒಂದು ಫೋಟೋ ಕಡಿಮೆ ಮಾಡಿದರೂ ನಮ್ಮದೇನೂ ತಕರಾರಿಲ್ಲ.

ಇತಿ,
ಮಾಸ್ಟರ್ಸ್ ಓಟಗಾರರು ಮತ್ತು ಮೈದಾನದ ಸ್ವಯಂಸೇವಕರು,
ದಾದರ್, ಮುಂಬಯಿ